ವಿಮಾನ ಮಾಡಲು ಕಲಿತ ಕತೆ



ಹೊಲದಲ್ಲಿ ಕಳೆ ತೆಗೆಯುವಾಗ ತಲೆಯ ಮೇಲೆ ವಿಮಾನ ಹೋಗುತ್ತದೆ. ನಾವು ಕೆಲಸ ಬಿಟ್ಟು ಮೇಲೆ ನೋಡುತ್ತೇವೆ. "ಅಲ್ಲಿ ನೋಡ್ರೋ" ಎಂದು ಮಕ್ಕಳಿಗೆ ತೋರಿಸುತ್ತೇವೆ. ಇದನ್ನು ಯಾರು ಮಾಡುತ್ತಾರೆ? ನಮ್ಮ ದೇಶದಲ್ಲಿ ಮಾಡುತ್ತಾರೇನು?

ಜನರನ್ನು ಒಯ್ಯುವ ದೊಡ್ಡ ವಿಮಾನಗಳು ಹೆಚ್ಚಾಗಿ ಹೊರದೇಶದವು. ಆದರೆ ಸೈನ್ಯದ ವಿಮಾನಗಳನ್ನು, ಹೆಲಿಕಾಪ್ಟರುಗಳನ್ನು ನಮ್ಮ ಬೆಂಗಳೂರಿನಲ್ಲೇ ಮಾಡುತ್ತಾರೆ. ಮಾಡುವ ಕಾರ್ಖಾನೆಯ ಹೆಸರು ಎಚ್.ಎ.ಎಲ್. ಅದು ಒಂದೇ ದಿನಕ್ಕೆ ಆದದ್ದಲ್ಲ. ಹೇಗೆ ಆಯಿತು ಓದೋಣ.

ಮೊದಲು ಜೋಡಿಸಿದರು

ವಾಲ್‌ಚಂದ್ ಹಿರಾಚಂದ್ ಎಂಬ ಉದ್ಯಮಿ ಇದ್ದರು. ಅವರು ಹುಟ್ಟಿದ್ದು ನಮ್ಮ ನೆರೆಯ ಸೊಲ್ಲಾಪುರದಲ್ಲಿ. ನಮ್ಮ ದೇಶದಲ್ಲೂ ವಿಮಾನ ತಯಾರಾಗಬೇಕು ಎಂಬ ಹಟ ಅವರದು. ಆಗ ಬ್ರಿಟಿಷರ ಆಳ್ವಿಕೆ ಇತ್ತು. ಮೈಸೂರು ಸರ್ಕಾರ ಅವರಿಗೆ ಬೆಂಗಳೂರಿನಲ್ಲಿ ಜಾಗ ಕೊಟ್ಟಿತು. 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತು. 1940ರ ಡಿಸೆಂಬರ್‌ನಲ್ಲಿ ಕಾರ್ಖಾನೆ ಶುರುವಾಯಿತು.

ಮೊದಲು ಅಮೆರಿಕದಿಂದ ವಿಮಾನದ ಭಾಗಗಳು ಬಂದವು. ಇಲ್ಲಿಯವರು ಅವನ್ನು ಜೋಡಿಸಿದರು. 1941ರಲ್ಲಿ ಮೊದಲ ವಿಮಾನ ಹಾರಿತು. ಜೋಡಿಸಿದ ಕೈ ನಮ್ಮದು, ವಿಮಾನ ಪರರದು.

ಆಮೇಲೆ ರಿಪೇರಿ ಮಾಡಿದರು

ಅದು ಮಹಾಯುದ್ಧದ ಕಾಲ. 1942ರಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡಿತು. 1943ರಲ್ಲಿ ಅಮೆರಿಕದ ಸೈನ್ಯ ಕಾರ್ಖಾನೆಯನ್ನು ನಡೆಸತೊಡಗಿತು. ಕೆಟ್ಟ ವಿಮಾನಗಳು ರಿಪೇರಿಗೆ ಬರತೊಡಗಿದವು.

ರಿಪೇರಿ ಅಂದರೆ ಸಣ್ಣ ಕೆಲಸ ಅನ್ನಬೇಡಿ. ನಮ್ಮ ಅಥಣಿ, ನಿಪ್ಪಾಣಿಯಲ್ಲಿ ಚಪ್ಪಲಿ ಹೊಲಿಯುವವರನ್ನು ಕೇಳಿ ನೋಡ್ರಿ. ಹಳೆಯ ಚಪ್ಪಲಿ ಬಿಚ್ಚಿದರೆ ಹೊಲಿಗೆ ಎಲ್ಲಿ ಹಾಕಿದ್ದಾರೆ, ತೊಗಲು ಎಷ್ಟು ದಪ್ಪ ಇದೆ ಎಂದು ತಿಳಿಯುತ್ತದೆ. ಇಲ್ಲಿಯ ಕೆಲಸಗಾರರೂ ಹೀಗೇ ಬಿಚ್ಚಿ ಬಿಚ್ಚಿ ಕಲಿತರು.

ಯುದ್ಧ ಮುಗಿಯಿತು. ವಿಮಾನದ ಕೆಲಸ ಕಡಿಮೆ ಆಯಿತು. ಆಗ ಅದೇ ಕಾರ್ಖಾನೆಯಲ್ಲಿ ರೈಲು ಡಬ್ಬಿ ಮಾಡಿದರು, ಬಸ್ಸಿನ ಬಾಡಿ ಕಟ್ಟಿದರು. ಕಲಿತ ಕೈ ಸುಮ್ಮನೆ ಕೂಡಲಿಲ್ಲ.

ಕೊನೆಗೆ ತಾವೇ ಮಾಡಿದರು

ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ ತಾಲೂಕಿನಲ್ಲಿ ಹಸೂರಚಂಪು ಎಂಬ ಹಳ್ಳಿ ಇದೆ. ನಮ್ಮ ನಿಪ್ಪಾಣಿಗೆ ದೂರವಲ್ಲ. ಡಾ. ವಿ. ಎಂ. ಘಾಟಗೆ ಅಲ್ಲಿ 1908ರಲ್ಲಿ ಹುಟ್ಟಿದರು. ಜರ್ಮನಿಗೆ ಹೋಗಿ ವಿಮಾನದ ವಿದ್ಯೆ ಕಲಿತು ಬಂದರು. ಬೆಂಗಳೂರಿನ ಈ ಕಾರ್ಖಾನೆಗೆ ಸೇರಿದರು.

ಘಾಟಗೆಯವರ ತಂಡ ಎಚ್.ಟಿ.-2 ಎಂಬ ಚಿಕ್ಕ ವಿಮಾನದ ನಕ್ಷೆ ಬರೆಯಿತು. ಇಬ್ಬರು ಕೂಡುವ ವಿಮಾನ ಅದು. ಒಬ್ಬರು ಕಲಿಸುವವರು, ಒಬ್ಬರು ಕಲಿಯುವವರು. 1951ರ ಆಗಸ್ಟ್‌ನಲ್ಲಿ ಅದು ಹಾರಿತು. ಈ ಸಲ ನಕ್ಷೆಯೂ ನಮ್ಮದು, ಕೈಯೂ ನಮ್ಮದು. ಸ್ವಾತಂತ್ರ್ಯ ಬಂದು ಆಗ ನಾಲ್ಕೇ ವರ್ಷ ಆಗಿತ್ತು.

1961ರಲ್ಲಿ ಮಾರುತ ಎಂಬ ಯುದ್ಧ ವಿಮಾನ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ತಜ್ಞರು ಬೆಂಗಳೂರಿಗೆ ಬಂದು, ಇಲ್ಲಿಯವರ ಜೊತೆ ಕೂಡಿ ಇದನ್ನು ಮಾಡಿದರು. ಆದರೆ ಒಂದು ಕೊರತೆ ಉಳಿಯಿತು. ಮಾರುತಕ್ಕೆ ತಕ್ಕಷ್ಟು ಜೋರಿನ ಇಂಜಿನ್ ಸಿಗಲಿಲ್ಲ. ಎತ್ತು ಬಡವಾದರೆ ಬಂಡಿ ಎಷ್ಟು ಚೆಂದ ಇದ್ದರೇನು? ಅಂದುಕೊಂಡ ವೇಗ ಅದಕ್ಕೆ ಬರಲಿಲ್ಲ.

ಈ ಕಲಿಕೆಯಲ್ಲಿ ಜೀವವೂ ಹೋಗಿದೆ. ಹೊಸ ವಿಮಾನವನ್ನು ಮೊದಲು ಒಬ್ಬರು ಹಾರಿಸಿ ಪರೀಕ್ಷೆ ಮಾಡಬೇಕು. ಮಾರುತವನ್ನು ಮೊದಲು ಹಾರಿಸಿದವರು ಸುರಂಜನ್ ದಾಸ್. ಅದರ ಇಂಜಿನ್ನಿನ ಜೋರು ಹೆಚ್ಚಿಸಿ ನೋಡುವ ಪರೀಕ್ಷೆ ನಡೆದಿತ್ತು. 1970ರ ಜನವರಿಯಲ್ಲಿ ಆ ವಿಮಾನ ಬಿದ್ದು ಅವರು ತೀರಿಕೊಂಡರು. ಆದರೂ ಕೆಲಸ ನಿಲ್ಲಲಿಲ್ಲ.

ಈಗ ಎಲ್ಲಿಗೆ ಬಂದಿದೆ?

1992ರಲ್ಲಿ ಧ್ರುವ ಹೆಲಿಕಾಪ್ಟರ್ ಹಾರಿತು. ಹೆಲಿಕಾಪ್ಟರಿನ ಬೆಲೆ ಕೃಷ್ಣಾ ನದಿಯ ದಂಡೆಯ ನಮಗೆ ಬೇರೆ ಹೇಳಬೇಕಿಲ್ಲ. ಹೊಳೆ ಉಕ್ಕಿ ದಾರಿ ಮುಚ್ಚಿದಾಗ ಮೇಲಿಂದಲೇ ನೆರವು ಬರಬೇಕು. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತು.

2001ರಲ್ಲಿ ತೇಜಸ್ ಯುದ್ಧ ವಿಮಾನ ಹಾರಿತು. 2016ರಲ್ಲಿ ವಾಯುಸೇನೆಗೆ ಸೇರಿತು. 2024ರಲ್ಲಿ ಮೋಹನಾ ಸಿಂಗ್ ಎಂಬ ಹೆಣ್ಣುಮಗಳು ತೇಜಸ್ ಪಡೆಗೆ ಸೇರಿದರು. ಯುದ್ಧ ವಿಮಾನ ನಡೆಸುವ ಹೆಂಗಸರಲ್ಲಿ ಈ ಪಡೆಗೆ ಸೇರಿದ ಮೊದಲಿಗರು ಅವರೇ.

ಆದರೆ ತೇಜಸ್ಸಿನ ಇಂಜಿನ್ ಇನ್ನೂ ಅಮೆರಿಕದ್ದು. ಅವರು ತಡ ಮಾಡಿದರೆ ನಮ್ಮ ವಿಮಾನವೂ ತಡ. ಪರರ ಎತ್ತು ಕೇಳಿ ತಂದು ಬಿತ್ತುವವರ ಕಷ್ಟ ನಮಗೆ ಗೊತ್ತಲ್ಲ! ಹದ ಬಂದ ದಿನ ಎತ್ತು ಸಿಗುವುದಿಲ್ಲ. ಇಂಜಿನ್ ಮಾಡುವುದನ್ನು ನಮ್ಮ ದೇಶ ಇನ್ನೂ ಪೂರ್ತಿ ಕಲಿಯಬೇಕಾಗಿದೆ.

ಈ ಕೆಲಸ ಬೆಂಗಳೂರಿನಲ್ಲಷ್ಟೇ ಉಳಿದಿಲ್ಲ. ನಿಪ್ಪಾಣಿಯಿಂದ ಬೆಳಗಾವಿಗೆ ಬಸ್ಸಿನಲ್ಲಿ ಹೋಗುವಾಗ ಸಂಕೇಶ್ವರ ದಾಟಿದ ಮೇಲೆ ಹತ್ತರಗಿ ಬರುತ್ತದೆ. ಅಲ್ಲಿಯ ಕಾರ್ಖಾನೆಗಳಲ್ಲಿ ವಿಮಾನದ ಭಾಗಗಳು ತಯಾರಾಗುತ್ತವೆ. ಹೊರದೇಶದ ದೊಡ್ಡ ವಿಮಾನ ಕಂಪನಿಗಳಿಗೆ ಹೋಗುತ್ತವೆ. ಅಂದು ಅಮೆರಿಕದ ಭಾಗಗಳು ಇಲ್ಲಿಗೆ ಬರುತ್ತಿದ್ದವು. ಇಂದು ನಮ್ಮ ಜಿಲ್ಲೆಯ ಭಾಗಗಳು ಅಲ್ಲಿಗೆ ಹೋಗುತ್ತವೆ.

ಅಲ್ಲಿ ಕೆಲಸ ಮಾಡಲು ಅಳತೆ ಗೊತ್ತಿರಬೇಕು. ನಕ್ಷೆ ಓದಲು ಬರಬೇಕು. ನಾವೂ ಮೊದಲು ಬರೆದ ಅಕ್ಷರದ ಮೇಲೆ ತಿದ್ದಿದೆವು. ಆಮೇಲೆ ನೋಡಿ ಬರೆದೆವು. ಈಗ ನಮ್ಮ ಮಾತನ್ನು ನಾವೇ ಬರೆಯುತ್ತಿದ್ದೇವೆ. ನಮ್ಮ ಮಗಳು ಒಂದು ದಿನ ನಕ್ಷೆ ಬರೆಯಲಿ. ಅವಳ ಶಾಲೆ ಬಿಡಿಸಬೇಡಿ.