ಮೋಟಾರು ಇದ್ದರೂ ಗೇರು ಮರೆಯಬೇಡಿ

ಕಾಲೇಜಿಗೆ, ಟ್ಯೂಷನ್ನಿಗೆ ಹೋಗುವ ಮಕ್ಕಳಿಗೆ ಬ್ಯಾಟರಿ ಸೈಕಲ್ ಕೊಡಿಸುವ ಪಾಲಕರು ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳುವುದು ಎರಡು ಪ್ರಶ್ನೆ. ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ? ಲೈಸೆನ್ಸ್ ಬೇಕೆ? ಎರಡನೆಯದಕ್ಕೆ ಉತ್ತರ ಸುಲಭ. 250 ವ್ಯಾಟ್ ಹಾಗೂ ಗಂಟೆಗೆ 25 ಕಿ.ಮೀ. ಮಿತಿಯೊಳಗಿನ ಸೈಕಲ್ಲನ್ನು ನಿಯಮವು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಗೇರಿನ ವಿಚಾರ ಮಾತ್ರ ಅದು ಕೈಕೊಟ್ಟ ದಿನವೇ ನೆನಪಾಗುವುದು.

ನಮ್ಮಲ್ಲಿ ಮಾರಾಟವಾಗುವ ಬಹಳಷ್ಟು ಸೈಕಲ್ಲುಗಳ ಮೋಟಾರು ಹಿಂದಿನ ಚಕ್ರದ ನಡುವೆ ಇರುತ್ತದೆ. ಅದು ಚಕ್ರವನ್ನು ನೇರವಾಗಿ ತಿರುಗಿಸುವುದರಿಂದ ಸವಾರನ ಕಾಲಿಗೆ ಭಾರವೇ ತಿಳಿಯುವುದಿಲ್ಲ. ಹೀಗಾಗಿ ಹುಡುಗರು ಗೇರನ್ನು ಕೊನೆಗೆ ಹಾಕಿಟ್ಟು ತಿಂಗಳುಗಟ್ಟಲೆ ಹಾಗೆಯೇ ಓಡಿಸುತ್ತಾರೆ. ಕೊನೆಯ ಗೇರೆಂದರೆ ಹಿಂಭಾಗದ ಅತಿ ಚಿಕ್ಕ ಹಲ್ಲುಚಕ್ರ. ಇದ್ದಬದ್ದ ಸವೆತವೆಲ್ಲ ಅದರ ಕೆಲವೇ ಹಲ್ಲುಗಳ ಪಾಲಾಗುತ್ತದೆ. ಇತ್ತ ಬಳಸದ ಗೇರಿನ ಕೇಬಲ್ಲು ತನ್ನ ಕೊಳವೆಯಲ್ಲೇ ತುಕ್ಕು ಹಿಡಿದು ಕೂರುತ್ತದೆ. ಒಂದು ಸಂಜೆ ಏರುರಸ್ತೆಯಲ್ಲಿ ಬ್ಯಾಟರಿ ಮುಗಿಯುತ್ತದೆ. ಬೆನ್ನಿಗೆ ಪುಸ್ತಕದ ಚೀಲ, ಕೆಳಗೆ ಮಾಮೂಲಿ ಸೈಕಲ್ಲಿಗಿಂತ ಭಾರದ ಗಾಡಿ. ಗೇರು ಒತ್ತಿದರೆ ಕದಲುವುದಿಲ್ಲ. ಕದಲಿದರೂ ಚೈನು ‘ಟಕ್ ಟಕ್’ ಎಂದು ಹಲ್ಲಿನಿಂದ ಹಾರುತ್ತದೆ. ಮೋಡ ಕಟ್ಟುವುದೂ ಅಂಥ ಹೊತ್ತಿನಲ್ಲೇ!

ವಾರಕ್ಕೊಮ್ಮೆ ಮೋಟಾರು ಆರಿಸಿ ಎಲ್ಲ ಗೇರುಗಳನ್ನೂ ಹಾಕಿ ತುಳಿದರೆ ಕೇಬಲ್ಲು ಸಡಿಲವಾಗಿ ಓಡಾಡುತ್ತದೆ. ಚೈನು ತಿರುಗುತ್ತಿದ್ದರೆ ಮಾತ್ರ ಗೇರು ಬದಲಾಗುವುದರಿಂದ ಸಿಗ್ನಲ್ಲಿಗೆ, ಏರಿಗೆ ಮುಂಚೆಯೇ ಗೇರು ಇಳಿಸಬೇಕು. ಪೆಡಲಿನ ಬಳಿ ಮೋಟಾರು ಇರುವ ಸೈಕಲ್ಲಿನಲ್ಲಂತೂ ಮೋಟಾರಿನ ಬಲವೂ ಚೈನಿನ ಮೂಲಕವೇ ಹೋಗುತ್ತದೆ. ಜೋರಾಗಿ ತುಳಿಯುತ್ತ ಗೇರು ಬದಲಿಸಿದರೆ ಚೈನು ತುಂಡಾದೀತು. ಆಗ ಕಾಲನ್ನು ಒಂದು ಕ್ಷಣ ಹಗುರ ಮಾಡಬೇಕು. ಬ್ರೇಕು ಮುಟ್ಟಿದೊಡನೆ ಮೋಟಾರು ನಿಲ್ಲುವ ಮಾದರಿಯಾದರೆ ಬ್ರೇಕನ್ನು ಲಘುವಾಗಿ ಮುಟ್ಟಿದರೂ ಸಾಕು.

ಚೈನು ದೊಡ್ಡ ಹಲ್ಲುಚಕ್ರಕ್ಕೆ ಏರಲು ತಡಮಾಡಿದರೆ ಮೆಕ್ಯಾನಿಕ್ಕನ ಬಳಿ ಓಡಬೇಕಿಲ್ಲ. ಹಿಂದಿನ ಗೇರಿಗೆ ಕೇಬಲ್ಲು ಸೇರುವ ಕಡೆ ಕೈಯಿಂದಲೇ ತಿರುಗುವ ಪುಟ್ಟ ತಿರುಪು ಇರುತ್ತದೆ. ಅದನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಕೇಬಲ್ಲು ಬಿಗಿಯಾಗುತ್ತದೆ. ಚೈನಿನ ಸವೆತ ನೋಡಲು ಶಾಲೆಯ ಸ್ಕೇಲೇ ಸಾಕು. ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟರೆ, ಅದನ್ನು ಬಿಟ್ಟು 24ನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಮೀರಿದ್ದರೆ ಚೈನು ಬದಲಿಸುವ ಕಾಲ ಬಂತು. ಎಂಟನೇ ಒಂದು ಭಾಗ ಮೀರಿದ್ದರೆ ಹಲ್ಲುಚಕ್ರವೂ ಕೆಟ್ಟಿದೆಯೆಂದೇ ಲೆಕ್ಕ.

ಇಷ್ಟಕ್ಕೆ ನಮ್ಮ ಬೇಸಿಗೆ ಬಿಡುವುದಿಲ್ಲ. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ಬಿಸಿಲು ಕಂಡಿತು. 2024ರ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಮಳೆ ಸುರಿಯಿತು. ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ದಿನಗಳಲ್ಲಿ ಬೆಳಿಗ್ಗೆ ಧೂಳು, ಸಂಜೆ ಆಲಿಕಲ್ಲು. ಎಣ್ಣೆಗೆ ಅಂಟಿದ ಧೂಳು ಚೈನನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಸಂಜೆಯ ಮಳೆ ಆ ಎಣ್ಣೆಯನ್ನೂ ತೊಳೆದುಬಿಡುತ್ತದೆ. ನೆನೆದು ಬಂದ ರಾತ್ರಿಯೇ ಒಣಬಟ್ಟೆಯಿಂದ ಒರೆಸಿ, ಕೊಂಡಿಗೊಂದರಂತೆ ಚೈನ್ ಎಣ್ಣೆಯ ಹನಿ ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆಯಬೇಕು. ವಾಟರ್ ಸರ್ವೀಸಿನ ಜೋರು ನೀರು ಬೇಡ. ಅದು ಬೇರಿಂಗಿನ ಗ್ರೀಸನ್ನು ಹೊರದಬ್ಬಿ, ವೈರಿನ ಸಂದುಗಳಿಗೂ ನುಗ್ಗುತ್ತದೆ.

‘ಐಪಿಎಕ್ಸ್ 4’ ಎಂದು ಬರೆದಿದ್ದರೆ ನೀರು ಎರಚಿದರೆ ತಡೆದುಕೊಳ್ಳುತ್ತದೆ ಎಂದಷ್ಟೇ ಅರ್ಥ, ಮುಳುಗಿದರೆ ಅಲ್ಲ. ಮೊದಲ ಮಳೆಗೆ ರಸ್ತೆಯ ಎಣ್ಣೆ, ಧೂಳು ಕಲೆತು ಜಾರುತ್ತದೆ. ನಿಂತ ನೀರು ಅದಕ್ಕಿಂತ ಅಪಾಯ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಮಳೆನೀರಿಗೆ ಸಿಕ್ಕಿ ಕಾರಿನಲ್ಲಿದ್ದ ಯುವತಿಯೇ ಜೀವ ಕಳೆದುಕೊಂಡರು. ಗುಡುಗು ಕೇಳಿದರೆ ಮರದ ಕೆಳಗಲ್ಲ, ಕಟ್ಟಡದೊಳಗೆ ನಿಲ್ಲಬೇಕು. ಸಂಜೆ ಮೋಡ ಕಂಡಾಗ ಅಪ್ಪ ಅಮ್ಮ ಫೋನು ಮಾಡಿ “ಬೇಗ ಬಾ” ಎನ್ನುವುದಕ್ಕಿಂತ “ಮಳೆ ನಿಂತ ಮೇಲೆ ಬಾ” ಎಂದರೆ ಮಕ್ಕಳು ಅವಸರಪಡುವುದು ತಪ್ಪುತ್ತದೆ.

ಮನೆ ಸೇರಿದ ತಕ್ಷಣ ಚಾರ್ಜಿಗೆ ಹಾಕುವುದೂ ಬೇಡ. ಬಿಸಿಲಿನಿಂದ ಬಂದಿದ್ದರೆ ಬ್ಯಾಟರಿ ತಣ್ಣಗಾಗಲಿ. ಮಳೆಯಿಂದ ಬಂದಿದ್ದರೆ ಪಿನ್ನು ಚುಚ್ಚುವ ಜಾಗ ಪೂರ್ತಿ ಒಣಗಲಿ.