ಗುಡೇಕೋಟೆ: ಕರಡಿ ಕಾಡಿನ ಇಂಗಾಲದ ಲೆಕ್ಕ

ಕೂಡ್ಲಿಗಿ ದಾಟಿ ಪೂರ್ವಕ್ಕೆ ತಿರುಗಿದರೆ ಗುಡೇಕೋಟೆಯ ಹಾದಿಯಲ್ಲಿ ಕಾಣುವುದು ಬಂಡೆ, ಬಂಡೆಯ ಸಂದಿನಲ್ಲಿ ಪೊದೆ, ನಡುವೆ ಅಲ್ಲೊಂದು ಇಲ್ಲೊಂದು ಮರ. ಪಾಳೆಯಗಾರರ ಕೋಟೆಗೂ ಒನಕೆ ಓಬವ್ವನ ತವರೆಂಬ ಮಾತಿಗೂ ಊರು ಹೆಸರುವಾಸಿ. 2013ರಲ್ಲಿ ಇಲ್ಲಿನ 38.48 ಚದರ ಕಿ.ಮೀ. ಕಾಡು ಕರಡಿಧಾಮವಾಯಿತು, ಮುಂದೆ ಅದರ ಎಲ್ಲೆಯೂ ಹಿಗ್ಗಿತು. ಮಲೆನಾಡು ಕಂಡ ಕಣ್ಣಿಗೆ ಇದು ಬರೀ ಕುರುಚಲು. ಆದರೆ ಕಾಡು ಎಷ್ಟು ಇಂಗಾಲ ಹಿಡಿದಿಡುತ್ತದೆ ಎಂದು ಲೆಕ್ಕ ಹಾಕಹೊರಟವರಿಗೆ ಈ ಕುರುಚಲೇ ತಲೆನೋವು.

ತುಗ್ಗಲಿ, ದಿಂಡಿಗ, ಕಗ್ಗಲಿ, ಕಮರ ಇವೆಲ್ಲ ಬಳ್ಳಾರಿ–ಚಿತ್ರದುರ್ಗ ಸೀಮೆಯ ಒಣ ಕಾಡಿನ ಗಟ್ಟಿ ಮರಗಳು. ಕಮರದ ಚೇಗು ನೀರಲ್ಲಿ ಮುಳುಗುವಷ್ಟು ಭಾರ. ಸೌದೆಗೆಂದು ಕಡಿದರೂ, ಆಡು ಮೇಯ್ದರೂ ಇವು ಸಾಯುವುದು ಕಡಿಮೆ. ಬೊಡ್ಡೆಯಿಂದಲೇ ನಾಲ್ಕಾರು ಕಾಂಡ ಒಡೆದು ಮತ್ತೆ ಏಳುತ್ತವೆ. ಮೇಲಿನ ಕಾಂಡಕ್ಕೆ ಐದು ವರ್ಷವಾಗಿದ್ದರೆ ಕೆಳಗಿನ ಬೇರಿಗೆ ಐವತ್ತಾಗಿರಬಹುದು.

ಅಳೆಯುವುದು ಹೇಗೆ? ಹಳೆಯ ವಿಧಾನಕ್ಕೆ ಟೇಪು ಸಾಕು. ಭಾರತೀಯ ಅರಣ್ಯ ಸಮೀಕ್ಷೆಯವರು ಕಾಡಿನ ಸಣ್ಣ ತುಂಡು ಗುರುತಿಸಿ, ನೆಲದಿಂದ 1.37 ಮೀಟರ್ ಎತ್ತರದಲ್ಲಿ ಮರದ ಸುತ್ತಳತೆ ಹಿಡಿಯುತ್ತಾರೆ. ಅದರಿಂದ ಮರದ ಒಣ ತೂಕ ಅಂದಾಜಾಗುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ಆದರೆ ಮರವೆಂಬ ಲೆಕ್ಕಕ್ಕೆ ಬರಲು ಕಾಂಡ 10 ಸೆಂ.ಮೀ. ದಪ್ಪ ಇರಬೇಕು. ಬೊಡ್ಡೆಯಿಂದ ಎದ್ದ ಸಣಕಲು ಕಾಂಡಗಳು ಈ ಜರಡಿಯಲ್ಲಿ ಸೋರಿಹೋಗುತ್ತವೆ. ಅವನ್ನು ಪೊದೆಗಳ ಜೊತೆ ಬೇರೆಯಾಗಿ ತೂಗಬೇಕು.

ಇನ್ನೊಂದು ವಿಧಾನ ಗಾಳಿಯನ್ನೇ ಅಳೆಯುವುದು. ಮರಗಳಿಗಿಂತ ಎತ್ತರದ ಗೋಪುರದ ಮೇಲಿನ ಉಪಕರಣ, ಮೇಲೆ ಹೋಗುವ ಕೆಳಗೆ ಬರುವ ಗಾಳಿಯ ವೇಗವನ್ನೂ ಅದರಲ್ಲಿರುವ ಇಂಗಾಲದ ಡೈಆಕ್ಸೈಡನ್ನೂ ಸೆಕೆಂಡಿಗೆ ಹತ್ತಾರು ಸಲ ದಾಖಲಿಸುತ್ತದೆ. ಅಮೆರಿಕದ ಹಾರ್ವರ್ಡ್ ಫಾರೆಸ್ಟ್‌ನಲ್ಲಿ 1990ರಲ್ಲೇ ಇಂಥ ಗೋಪುರದ ಅಳತೆ ಶುರುವಾಯಿತು. ಅಲ್ಲಿನದೂ ಬಿಟ್ಟುಹೋದ ಹೊಲಗಳಲ್ಲಿ, 1938ರ ಚಂಡಮಾರುತದ ಬಳಿಕ ಮರುಹುಟ್ಟಿದ ಓಕ್, ಮೇಪಲ್ ಕಾಡು. ಅದು ವರ್ಷಕ್ಕೆ ಹೆಕ್ಟೇರಿಗೆ ಸುಮಾರು 3.7 ಟನ್ ಇಂಗಾಲ ಹೀರುತ್ತಿದೆ ಎಂದು 1993ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಮ್ಮಲ್ಲಿ ಮಧ್ಯಪ್ರದೇಶದ ಬೇತುಲ್‌ನ ತೇಗದ ಕಾಡಿನಲ್ಲೂ ಗೋಪುರ ನಿಂತಿದೆ. ಈ ವಿಧಾನಕ್ಕೆ ಸಮತಟ್ಟಾದ, ಒಂದೇ ತೆರನಾದ ನೆಲ ಬೇಕು. ಬಂಡೆಗುಡ್ಡದ ಗುಡೇಕೋಟೆಗೆ ಅದು ಸುಲಭವಾಗಿ ಒಗ್ಗದು.

ಇಲ್ಲಿ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಬೇಸಿಗೆಯಲ್ಲಿ ಎಲೆ ಉದುರಿಸಿದ ಕಾಡು ಇಂಗಾಲ ಹೀರುವುದು ಬಹುಮಟ್ಟಿಗೆ ನಿಲ್ಲುತ್ತದೆ. ಮೊದಲ ಮಳೆ ಬಿದ್ದಾಗ ಲಾಭದ ಬದಲು ನಷ್ಟ: ಒಣಗಿದ್ದ ಮಣ್ಣಿನ ಸೂಕ್ಷ್ಮಜೀವಿಗಳು ಎಚ್ಚೆತ್ತು ಒಮ್ಮೆಗೇ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತವೆ. ಚಿಗುರು ಬಂದ ಮೇಲಷ್ಟೇ ಲೆಕ್ಕ ತಿರುಗುತ್ತದೆ. ಉದುರಿದ ಕಟ್ಟಿಗೆಯನ್ನು ಗೆದ್ದಲು ತಿಂದು ಇಂಗಾಲದ ಡೈಆಕ್ಸೈಡ್ ಜೊತೆಗೆ ಮೀಥೇನನ್ನೂ ಬಿಡುತ್ತದೆ, ಆ ಗೆದ್ದಲನ್ನು ಹುತ್ತ ಒಡೆದು ಕರಡಿ ತಿನ್ನುತ್ತದೆ. ಕಡಿತ, ಮೇಯಿಸುವಿಕೆ, ಬೆಂಕಿ ತಗ್ಗಿದರೆ ಕಾಡು ಮರಳುತ್ತದೆ ನಿಜ, ಆದರೆ ಅದರ ಗಳಿಕೆಯ ದೊಡ್ಡ ಪಾಲು ಬೇರಿನಲ್ಲಿ, ಮಣ್ಣಿನಲ್ಲಿ. ಟೇಪಿನ ಜೊತೆ ಮಣ್ಣು ತೆಗೆಯುವ ಕೊಳವೆಯೂ ಬೇಕು.

ಪಕ್ಕದ ಹಗರಿಬೊಮ್ಮನಹಳ್ಳಿಯಲ್ಲಿ ಲೆಕ್ಕ ಬೇರೆಯೇ. 2024ರಲ್ಲಿ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಅಂಕಸಮುದ್ರದಲ್ಲಿ ಜಾಲಿಮರಗಳು ಕೆರೆಯ ನೀರಿನೊಳಗೇ ನಿಂತಿವೆ. ಅಲ್ಲಿ ಕೆಸರಿಗೆ ಗಾಳಿ ತಾಗದೆ ಕೊಳೆಯುವುದು ನಿಧಾನ, ಜೊತೆಗೆ ಮೀಥೇನ್ ಕಾಟ.

ಚಿತ್ರದುರ್ಗ–ಹೊಸಪೇಟೆ ಹೆದ್ದಾರಿಯಲ್ಲಿರುವ ಕೂಡ್ಲಿಗಿಯಿಂದ ಗುಡೇಕೋಟೆಗೆ ರಸ್ತೆಯಿದೆ. ಧಾಮದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು. ಹಸಿರು ನೋಡುವವರಿಗೆ ಅಕ್ಟೋಬರ್ ಚೆನ್ನ. ಒಂದೊಂದು ಬೊಡ್ಡೆಯಿಂದ ಎಷ್ಟು ಕಾಂಡ ಎದ್ದಿವೆ ಎಂದು ಎಣಿಸುವವರು ಎಲೆಯಿಲ್ಲದ ಮಾರ್ಚಿನಲ್ಲಿ ಬರಬೇಕು.