ಗೇರ್ ಬೀಳುತ್ತಿಲ್ಲವೆಂದು ಇಂಜಿನ್ ಬಿಚ್ಚಿಸುವ ಮುನ್ನ

"ಗೇರ್ ಸರಿಯಾಗಿ ಬೀಳ್ತಿಲ್ಲ" ಎಂದು ಬೈಕನ್ನು ಗ್ಯಾರೇಜಿಗೆ ತರುವವರಲ್ಲಿ ಹೆಚ್ಚಿನವರು ದೊಡ್ಡ ಖರ್ಚಿಗೆ ಮನಸ್ಸಿನಲ್ಲೇ ಸಿದ್ಧರಾಗಿ ಬಂದಿರುತ್ತಾರೆ. "ಇಂಜಿನ್ ಇಳಿಸಬೇಕಾಗುತ್ತೆ" ಎಂಬ ಮಾತು ಕೇಳಿದರೆ ಮರುಪ್ರಶ್ನೆಯಿಲ್ಲದೆ ತಲೆಯಾಡಿಸುತ್ತಾರೆ. ಹಾಲು ಹಾಕಲು, ಕೂಲಿಗೆ ಹೋಗಲು, ಪಾರ್ಸೆಲ್ ತಲುಪಿಸಲು ಅದೇ ಬೈಕನ್ನು ನಂಬಿದವರಿಗೆ ನಾಲ್ಕು ದಿನ ಅದು ಕೈಯಲ್ಲಿಲ್ಲದಿರುವುದೇ ಒಂದು ನಷ್ಟ. ಆದರೆ ಗೇರಿನ ತೊಂದರೆಯ ಮೂಲ ಬಹಳ ಸಲ ಗೇರ್‌ಬಾಕ್ಸಿನ ಹೊರಗೇ ಇರುತ್ತದೆ: ಕ್ಲಚ್ ವೈರಿನಲ್ಲಿ, ಆಯಿಲಿನಲ್ಲಿ, ಬಾಗಿದ ಲಿವರಿನಲ್ಲಿ. ಹುಡುಕುವುದಾದರೆ ಹೊರಗಿನಿಂದ ಒಳಕ್ಕೆ ಹುಡುಕಬೇಕು. ಈ ಕ್ರಮವನ್ನು ತಲೆಕೆಳಗು ಮಾಡುವ ಕೆಲವು ನಂಬಿಕೆಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ: ಗೇರ್ ಬಿಗಿಯಾಯಿತೆಂದರೆ ಗೇರ್‌ಬಾಕ್ಸ್ ಹಾಳಾಯಿತು.

ವಾಸ್ತವ: ಮೊದಲು ಒಳಗೆ ಏನು ನಡೆಯುತ್ತದೆಂದು ತಿಳಿಯಬೇಕು. ಬೈಕಿನ ಗೇರ್‌ಬಾಕ್ಸಿನಲ್ಲಿ ಎರಡು ಶಾಫ್ಟುಗಳ ಮೇಲಿನ ಗೇರ್ ಚಕ್ರಗಳು ಸದಾ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ಇರುತ್ತವೆ. ಗೇರ್ ಬದಲಿಸುವಾಗ ಹಲ್ಲಿಗೆ ಹಲ್ಲು ಹೊಸದಾಗಿ ಸೇರುವುದಿಲ್ಲ. ಚಕ್ರದ ಪಕ್ಕೆಯಿಂದ ಚಾಚಿಕೊಂಡ ಗಿಡ್ಡ ಗೂಟಗಳಿರುತ್ತವೆ, ಡಾಗ್ ಎನ್ನುವುದು ಅವಕ್ಕೇ. ಅವು ಪಕ್ಕದ ಚಕ್ರದ ಸಂದಿಗೆ ಹೋಗಿ ಕೂರುತ್ತವೆ. ನೀವು ಲಿವರ್ ಅದುಮಿದಾಗ ಗೇರ್ ಶಾಫ್ಟ್ ತಿರುಗಿ, ಅದು ಡ್ರಮ್ಮನ್ನು ಒಂದು ಮೆಟ್ಟಿಲಷ್ಟು ಸರಿಸುತ್ತದೆ. ಡ್ರಮ್ಮಿನ ಗೀರುಗಳಲ್ಲಿ ಓಡುವ ಫೋರ್ಕುಗಳು ಚಕ್ರಗಳನ್ನು ಪಕ್ಕಕ್ಕೆ ಜಾರಿಸುತ್ತವೆ. ಡಾಗ್‌ಗಳ ಮೇಲೆ ಇಂಜಿನ್ನಿನ ಒತ್ತಡ ಇರುವವರೆಗೆ ಅವು ಸುಲಭವಾಗಿ ಕದಲುವುದಿಲ್ಲ. ಆ ಒತ್ತಡವನ್ನು ತೆಗೆಯುವುದೇ ಕ್ಲಚ್ಚಿನ ಕೆಲಸ. ಕ್ಲಚ್ ಪೂರ್ತಿ ಬಿಡದಿದ್ದರೆ ಎಷ್ಟೇ ಗಟ್ಟಿಮುಟ್ಟಾದ ಗೇರ್‌ಬಾಕ್ಸ್ ಕೂಡ ಕಾಲಿಗೆ ಬಿಗಿಯಾಗಿಯೇ ಸಿಗುತ್ತದೆ.

ಹಾಗಾದರೆ ದೋಷ ಕ್ಲಚ್ಚಿನದೋ ಗೇರಿನದೋ? ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಇಂಜಿನ್ ಆಫ್ ಮಾಡಿ, ಕೀ ತೆಗೆದು, ಬೈಕನ್ನು ನಡುಸ್ಟ್ಯಾಂಡಿಗೆ ಹಾಕಿ. ಒಂದು ಕೈಯಲ್ಲಿ ಹಿಂದಿನ ಚಕ್ರದ ಟೈರನ್ನು ಹಿಡಿದು ನಿಧಾನವಾಗಿ ತಿರುಗಿಸುತ್ತಾ, ಇನ್ನೊಂದು ಕೈಯಿಂದ ಗೇರ್ ಲಿವರನ್ನು ಒಂದೊಂದೇ ಗೇರಿಗೆ ಒತ್ತಿ. ಬೆರಳು ಚೈನಿನ ಹತ್ತಿರ ಹೋಗಕೂಡದು. ಹೀಗೆ ಮಾಡಿದಾಗ ಎಲ್ಲ ಗೇರುಗಳೂ ನಯವಾಗಿ ಬಿದ್ದು, ಇಂಜಿನ್ ಓಡುವಾಗ ಮಾತ್ರ ಬಿಗಿಯಾದರೆ ತಪ್ಪು ಕ್ಲಚ್ ಕಡೆಯದು. ಆಫ್ ಆಗಿದ್ದಾಗಲೂ ಲಿವರ್ ತಡೆದರೆ, ವಾಪಸ್ ಬರದಿದ್ದರೆ, ಯಾವುದೋ ಒಂದು ಗೇರಿನಲ್ಲಿ ಮಾತ್ರ ನಿಂತುಬಿಟ್ಟರೆ ಲಿವರ್, ಶಾಫ್ಟ್, ಡ್ರಮ್, ಫೋರ್ಕ್ ಇವುಗಳತ್ತ ನೋಡಬೇಕು. ಈ ಒಂದು ಪರೀಕ್ಷೆಯ ಫಲವನ್ನು ಮೆಕ್ಯಾನಿಕ್‌ಗೆ ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ತಪ್ಪು ಕಲ್ಪನೆ: ನಿಲ್ಲಿಸಿದ ಬೈಕಿನಲ್ಲಿ ಎಲ್ಲ ಗೇರೂ ಬೀಳದಿದ್ದರೆ ಅದು ದೋಷ.

ವಾಸ್ತವ: ಅಲ್ಲ. ಚಕ್ರ ಅಲುಗದೆ ನಿಂತಾಗ ಡಾಗ್ ಸಂದಿಗೆ ಎದುರಾಗದೆ ಇನ್ನೊಂದು ಡಾಗ್‌ನ ತಲೆಗೇ ತಾಗಿ ನಿಲ್ಲಬಹುದು. ಬೈಕನ್ನು ಒಂದು ಅಡಿ ಹಿಂದೆ ಮುಂದೆ ಸರಿಸಿದರೆ ಗೇರ್ ಬೀಳುತ್ತದೆ. ಹಳೆಯ ಬೈಕ್ ಕೊಳ್ಳಲು ಹೋದವರು ಈ ಕಾರಣಕ್ಕೇ ಒಳ್ಳೆಯ ಗಾಡಿಯನ್ನು ಬಿಟ್ಟು ಬಂದದ್ದನ್ನು ಕಂಡಿದ್ದೇನೆ.

ತಪ್ಪು ಕಲ್ಪನೆ: ಗೇರ್ ಬೀಳದಿದ್ದರೆ ಕ್ಲಚ್ ಟೈಟ್ ಮಾಡಿಸಿದರೆ ಆಯಿತು.

ವಾಸ್ತವ: ಅತಿ ಹೆಚ್ಚು ಬೈಕುಗಳನ್ನು ಕೆಡಿಸಿರುವುದು ಈ ಅರ್ಧ ಸತ್ಯವೇ ಎಂದು ನನ್ನ ಅನಿಸಿಕೆ. ವೈರು ಸಡಿಲವಾಗಿದ್ದರೆ ಕ್ಲಚ್ ಲಿವರನ್ನು ಹಿಡಿಯವರೆಗೆ ಎಳೆದರೂ ಕ್ಲಚ್ಚಿನೊಳಗಿನ ಪ್ಲೇಟುಗಳು ಸಾಕಷ್ಟು ಬೇರಾಗುವುದಿಲ್ಲ. ಇಂಜಿನ್ ಗೇರ್‌ಬಾಕ್ಸಿನ ಶಾಫ್ಟನ್ನು ಎಳೆಯುತ್ತಲೇ ಇರುತ್ತದೆ. ಆಗ ಗೇರ್ ಬಿಗಿ, ನ್ಯೂಟ್ರಲ್ ಸಿಗುವುದಿಲ್ಲ, ಮೊದಲ ಗೇರಿಗೆ ಬೈಕ್ ಮುಂದಕ್ಕೆ ನೆಗೆಯುತ್ತದೆ. ಇಷ್ಟರ ಮಟ್ಟಿಗೆ ಟೈಟ್ ಮಾಡುವುದು ಸರಿ. ಆದರೆ ವೈರಿನಲ್ಲಿ ಸಡಿಲವೇ ಉಳಿಯದಷ್ಟು ಬಿಗಿದರೆ ಕೈ ಬಿಟ್ಟಾಗಲೂ ಪ್ಲೇಟುಗಳು ಪೂರ್ತಿ ಕೂಡುವುದಿಲ್ಲ. ಏರಿನಲ್ಲಿ ಇಂಜಿನ್ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಪ್ಲೇಟುಗಳು ಉಜ್ಜಿಕೊಂಡು ಬಿಸಿಯಾಗಿ ಸುಡುತ್ತವೆ. ಗೇರಿನ ಒಂದು ಸಣ್ಣ ತೊಂದರೆ ಹೋಗಿ ಕ್ಲಚ್ ಪ್ಲೇಟಿನ ಖರ್ಚು ಬರುತ್ತದೆ.

ಇದಕ್ಕೆ ಅಳತೆಯಿದೆ. 100ರಿಂದ 150 ಸಿಸಿಯ ಅನೇಕ ಬೈಕುಗಳ ಕೈಪಿಡಿಯಲ್ಲಿ ಲಿವರಿನ ತುದಿಯಲ್ಲಿ 10ರಿಂದ 20 ಮಿಲಿಮೀಟರ್ ಫ್ರೀ ಪ್ಲೇ, ಅಂದರೆ ಸಡಿಲ, ಇರಬೇಕೆಂದು ಹೇಳಿರುತ್ತದೆ. ಕೆಲವು ಕಂಪನಿಗಳು ಲಿವರಿನ ಬುಡದ ಸಂದಿಯನ್ನು 2ರಿಂದ 3 ಮಿಲಿಮೀಟರ್ ಎಂದು ಕೊಡುತ್ತವೆ. ನಿಮ್ಮ ಕೈಪಿಡಿಯಲ್ಲಿ ಇರುವುದೇ ನಿಮಗೆ ಲೆಕ್ಕ. ಹ್ಯಾಂಡಲಿನ ಹತ್ತಿರದ ಅಡ್ಜಸ್ಟರಿನಲ್ಲಿ ಸಾಲದಾದರೆ ಇಂಜಿನ್ ಕಡೆಯದನ್ನು ತಿರುಗಿಸಬೇಕು. ಜೊತೆಗೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿ. ತಿರುಗಿಸಿದಾಗ ಫ್ರೀ ಪ್ಲೇ ಬದಲಾದರೆ ವೈರು ಎಲ್ಲೋ ಸಿಕ್ಕಿಕೊಂಡಿದೆ ಅಥವಾ ತಪ್ಪು ದಾರಿಯಲ್ಲಿ ಹಾದುಹೋಗಿದೆ ಎಂದರ್ಥ. ಲಿವರಿನ ಬಳಿ, ವೈರಿನ ತುದಿಯ ಉಂಡೆ ಕೂರುವ ಜಾಗದಲ್ಲಿ ಒಂದೆರಡು ಎಳೆ ಬಿಚ್ಚಿಕೊಂಡಿದ್ದರೆ ಆ ವೈರನ್ನು ಅವತ್ತೇ ಬದಲಿಸಬೇಕು. ಉಳಿದ ಎಳೆಗಳು ಎಲ್ಲಿ ಕೈಕೊಡುತ್ತವೋ ಹೇಳಲಾಗದು. ದೂರ ಸವಾರಿ ಮಾಡುವವರು ಹೊಸ ವೈರೊಂದನ್ನು ಹಳೆಯದರ ಪಕ್ಕದಲ್ಲೇ ಕಟ್ಟಿಕೊಂಡು ಹೋಗುವುದು ಬಹಳ ಒಳ್ಳೆಯ ಪದ್ಧತಿ.

ತಪ್ಪು ಕಲ್ಪನೆ: ಕ್ಲಚ್ ಪ್ಲೇಟ್ ಸೆಟ್ ಹೊಸದು ಹಾಕಿಸಿದರೆ ಗೇರ್ ಹಗುರವಾಗುತ್ತದೆ.

ವಾಸ್ತವ: ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆಯೇ ಹೊರತು ಅದರಿಂದಲೇ ಗೇರ್ ಬಿಗಿಯಾಗುವುದಿಲ್ಲ. ಬಿಗಿಗೆ ಕಾರಣವಾಗುವುದು ಬೇರೆ. ಬಿಸಿಗೆ ಸೊಟ್ಟಗಾದ ಉಕ್ಕಿನ ಪ್ಲೇಟುಗಳು ಒಂದು ಕಾರಣ. ಪ್ಲೇಟುಗಳ ಕಿವಿಗಳು ಬಡಿದು ಬಡಿದು ಕ್ಲಚ್ ಹೌಸಿಂಗ್‌ನ ಬೆರಳುಗಳಲ್ಲಿ ಮಾಡಿದ ಕಚ್ಚುಗಳು ಇನ್ನೊಂದು. ಆ ಕಚ್ಚಿನಲ್ಲಿ ಪ್ಲೇಟು ಸಿಕ್ಕಿಕೊಂಡರೆ ಲಿವರ್ ಎಳೆದರೂ ಅದು ಸರಾಗವಾಗಿ ಸರಿಯುವುದಿಲ್ಲ. ಹಳೆಯ ಹೌಸಿಂಗಿಗೆ ಹೊಸ ಪ್ಲೇಟು ಹಾಕಿಸಿ ಹಣ ಕಳೆದುಕೊಳ್ಳುವವರು ಬಹಳ. ಕವರ್ ಬಿಚ್ಚಿದಾಗ ಹೌಸಿಂಗ್ ಮೇಲೆ ಬೆರಳಾಡಿಸಿ, ಉಕ್ಕಿನ ಪ್ಲೇಟನ್ನು ಗಾಜಿನ ಮೇಲಿಟ್ಟು ಚಪ್ಪಟೆಯಾಗಿದೆಯೇ ಎಂದು ನೋಡಲು ಕೇಳಿ. ಹೊಸ ಫ್ರಿಕ್ಷನ್ ಪ್ಲೇಟುಗಳನ್ನು ಒಣಗಿದ್ದಂತೆಯೇ ಕೂರಿಸದೆ ಇಂಜಿನ್ ಆಯಿಲಿನಲ್ಲಿ ನೆನೆಸಿಯೇ ಕೂರಿಸಬೇಕು.

ತಪ್ಪು ಕಲ್ಪನೆ: ದಪ್ಪ ಆಯಿಲ್ ಹಾಕಿದಷ್ಟೂ ಗೇರ್ ನಯ.

ವಾಸ್ತವ: ನಮ್ಮ ಹೆಚ್ಚಿನ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಮೂರಕ್ಕೂ ಒಂದೇ ಆಯಿಲ್. 10ಡಬ್ಲ್ಯು-30 ಕೇಳುವ ಇಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಕ್ಲಚ್ ಪ್ಲೇಟುಗಳ ನಡುವೆ ಆ ದಪ್ಪ ಆಯಿಲ್ ಅಂಟಾಗಿ ನಿಂತು, ಕೊಡಗು, ಚಿಕ್ಕಮಗಳೂರಿನ ಚಳಿಯ ಬೆಳಗಿನಲ್ಲಿ ಗೇರ್ ಇನ್ನಷ್ಟು ಗಡುಸಾಗುತ್ತದೆ. ಆಯಿಲಿನ ವಯಸ್ಸೂ ಮುಖ್ಯ. ಗೇರಿನ ಹಲ್ಲುಗಳ ನಡುವೆ ಅರೆಯಲ್ಪಟ್ಟು ಆಯಿಲ್ ತನ್ನ ಸತ್ವ ಕಳೆದುಕೊಳ್ಳುತ್ತದೆ. ಸರ್ವೀಸ್ ಹತ್ತಿರವಾದಂತೆ ಗೇರ್ ಒರಟಾಗಿ, ಆಯಿಲ್ ಬದಲಿಸಿದ ದಿನವೇ ನಯವಾಗುವುದನ್ನು ಗಮನವಿಟ್ಟು ಓಡಿಸುವ ಎಲ್ಲರೂ ಬಲ್ಲರು. ಬಿಗಿಯಾದ ಗೇರಿಗೆ ಮೊದಲ ಮದ್ದು ಸರಿಯಾದ ಹೊಸ ಆಯಿಲ್ ಎನ್ನುವುದು ಇದಕ್ಕೇ.

ಡಬ್ಬಿಯ ಹಿಂಬದಿ ಓದುವ ಅಭ್ಯಾಸವಿರಲಿ. ಆಯಿಲಿನಲ್ಲಿ ಮುಳುಗಿರುವ ಕ್ಲಚ್ಚಿಗೆ ಜಾಸೋ ಎಂಎ ಅಥವಾ ಎಂಎ2 ಎಂಬ ಗುರುತು ಬೇಕು. ಗೇರಿಲ್ಲದ ಸ್ಕೂಟರುಗಳಿಗೆ ಮಾಡಿದ ಎಂಬಿ ಆಯಿಲ್, ಕಾರಿನ ಆಯಿಲ್ ಇವುಗಳಲ್ಲಿ ಘರ್ಷಣೆ ಕಡಿಮೆ ಮಾಡುವ ದ್ರವ್ಯಗಳು ಇರಬಹುದು. ಅವು ಬೈಕಿನ ಕ್ಲಚ್ಚನ್ನು ಜಾರಿಸುತ್ತವೆ.

ಇನ್ನು ಆರ್‌ಎಕ್ಸ್ 100, ಹಳೆಯ ಯೆಜ್ಡಿಯಂಥ ಟೂ ಸ್ಟ್ರೋಕ್ ಬೈಕುಗಳನ್ನು ಜೋಪಾನ ಮಾಡಿಕೊಂಡಿರುವವರಿಗೆ ಒಂದು ಮಾತು. ಪೆಟ್ರೋಲಿನೊಂದಿಗೆ ಉರಿದುಹೋಗುವ ಟೂಟಿ ಆಯಿಲ್ ಬೇರೆ, ಗೇರ್‌ಬಾಕ್ಸಿನ ಆಯಿಲ್ ಬೇರೆ. ಟೂಟಿ ತಪ್ಪದೆ ಹಾಕುವವರೂ ಗೇರ್ ಆಯಿಲನ್ನು ವರ್ಷಗಟ್ಟಲೆ ಮರೆತಿರುತ್ತಾರೆ.

ತಪ್ಪು ಕಲ್ಪನೆ: ಬೆಳಗ್ಗೆ ಮೊದಲ ಗೇರಿಗೆ ಹಾಕಿದಾಗ 'ಕಡಕ್' ಎಂದರೆ ಏನೋ ಮುರಿದಿದೆ.

ವಾಸ್ತವ: ರಾತ್ರಿಯೆಲ್ಲ ನಿಂತ ಬೈಕಿನಲ್ಲಿ ಪ್ಲೇಟುಗಳು ಆಯಿಲಿನಿಂದ ಅಂಟಿಕೊಂಡಿರುತ್ತವೆ. ತಿರುಗುತ್ತಿರುವ ಶಾಫ್ಟಿಗೂ ನಿಂತಿರುವ ಶಾಫ್ಟಿಗೂ ಒಮ್ಮೆಲೇ ಜೋಡಣೆಯಾಗುವಾಗ ಸದ್ದು ಬರುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಕ್ಲಚ್ ಹಿಡಿದು ಬೈಕನ್ನು ಗೇರಿನಲ್ಲೇ ಸ್ವಲ್ಪ ಹಿಂದೆ ಮುಂದೆ ತಳ್ಳಿದರೆ ಪ್ಲೇಟುಗಳು ಬಿಡಿಸಿಕೊಂಡು ಸದ್ದು ತಗ್ಗುತ್ತದೆ. ಇಂಜಿನ್ ಬಿಸಿಯಾದ ಮೇಲೂ ಪ್ರತಿ ಸಲ ಜೋರಾಗಿ ಬಡಿದರೆ ಮಾತ್ರ ಐಡಲ್ ವೇಗ ಹೆಚ್ಚಾಗಿದೆಯೇ, ಕ್ಲಚ್ ಪೂರ್ತಿ ಬಿಡದೆ ಎಳೆಯುತ್ತಿದೆಯೇ ಎಂದು ನೋಡಿ.

ತಪ್ಪು ಕಲ್ಪನೆ: ಚೈನಿಗೂ ಗೇರಿಗೂ ಸಂಬಂಧವಿಲ್ಲ.

ವಾಸ್ತವ: ಜೋತುಬಿದ್ದ ಚೈನ್ ಪ್ರತಿ ಗೇರಿಗೂ ಒಂದು ಜಗ್ಗು ಕೊಡುತ್ತದೆ, ಸವಾರ ಅದನ್ನು ಗೇರಿನ ದೋಷವೆಂದೇ ತಿಳಿಯುತ್ತಾನೆ. ಎಷ್ಟು ಸಡಿಲ ಇರಬೇಕೆಂದು ಕೈಪಿಡಿಯಲ್ಲಿದೆ, ಕೆಲವು ಬೈಕುಗಳಲ್ಲಿ ಸ್ವಿಂಗ್ ಆರ್ಮಿನ ಮೇಲೆಯೇ ಅಂಟಿಸಿರುತ್ತಾರೆ. ಚಿಕ್ಕ ಬೈಕುಗಳಲ್ಲಿ ಸಾಮಾನ್ಯವಾಗಿ 25 ಮಿಲಿಮೀಟರ್ ಆಸುಪಾಸು.

ತಪ್ಪು ಕಲ್ಪನೆ: ಬೀಳದ ಗೇರನ್ನು ಜೋರಾಗಿ ಒದ್ದು ಹಾಕಬೇಕು.

ವಾಸ್ತವ: ಒದೆತದಿಂದ ಡಾಗ್ ಬೇಗ ಕೂರುವುದಿಲ್ಲ, ಫೋರ್ಕ್ ಬಾಗುತ್ತದೆ. ಹಗುರವಾಗಿ, ಆದರೆ ಲಿವರಿನ ಓಟ ಮುಗಿಯುವವರೆಗೆ ಪೂರ್ತಿಯಾಗಿ ಒತ್ತಬೇಕು. ಅರ್ಧ ಒತ್ತಿದಾಗಲೇ ಎರಡು ಗೇರುಗಳ ನಡುವೆ, ಯಾವ ಗೇರೂ ಬೀಳದ ಫಾಲ್ಸ್ ನ್ಯೂಟ್ರಲ್ ಸಿಗುವುದು.

ಪೂರ್ತಿ ಒತ್ತಲು ಲಿವರಿಗೆ ಜಾಗ ಇದೆಯೇ ಎಂಬುದನ್ನೂ ನೋಡಿ. ಎಡಕ್ಕೆ ಬಿದ್ದ ಬೈಕಿನಲ್ಲಿ ಲಿವರ್ ಒಳಕ್ಕೆ ಬಾಗಿ ಇಂಜಿನ್ ಕವರಿಗೋ ಫುಟ್‌ರೆಸ್ಟಿಗೋ ತಾಗುತ್ತಿರುತ್ತದೆ. ಅದನ್ನು ಶಾಫ್ಟಿನಲ್ಲಿ ಇರುವಂತೆಯೇ ಸುತ್ತಿಗೆಯಿಂದ ಬಡಿದು ನೇರ ಮಾಡಿಸಬೇಡಿ. ಶಾಫ್ಟ್ ಬಾಗಿ, ಆಯಿಲ್ ಸೀಲ್ ಹೋಗಿ, ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಲಿವರನ್ನು ಬಿಚ್ಚಿ ನೇರ ಮಾಡಬೇಕು. ಲಿವರನ್ನು ಶಾಫ್ಟಿಗೆ ಬಿಗಿಯುವ ಬೋಲ್ಟ್ ಸಡಿಲವಾದರೆ ಒಳಗಿನ ಸಣ್ಣ ಹಲ್ಲುಗಳು ಸವೆದು ಲಿವರ್ ಸುಮ್ಮನೆ ತಿರುಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇನ್ನೊಂದು ಕಾಟ: ಮುಂದಿನ ಸ್ಪ್ರಾಕೆಟ್ಟಿನ ಕವರಿನೊಳಗೆ ಚೈನಿನ ಗ್ರೀಸೂ ಕೆಂಪು ಮಣ್ಣೂ ಸೇರಿ ಗಟ್ಟಿ ಕೆಸರಾಗಿ ಗೇರ್ ಶಾಫ್ಟಿನ ಸುತ್ತ ಕೂತುಬಿಡುತ್ತದೆ. ಕವರ್ ತೆಗೆದು ಸೀಮೆಎಣ್ಣೆ ಅಥವಾ ಡೀಸೆಲ್, ಬ್ರಷ್ ಹಿಡಿದು ತೊಳೆದರೆ ಲಿವರ್ ಹಗುರವಾದೀತು.

ತಪ್ಪು ಕಲ್ಪನೆ: ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಸಿಗದಿದ್ದರೆ ಬೈಕೇ ಸರಿಯಿಲ್ಲ.

ವಾಸ್ತವ: ಸ್ವಲ್ಪ ಮಟ್ಟಿಗೆ ಇದು ರೂಢಿಯ ಮಾತು. ಬೈಕ್ ಪೂರ್ತಿ ನಿಲ್ಲುವ ಮೊದಲು, ಇನ್ನೂ ಮೆಲ್ಲಗೆ ಉರುಳುತ್ತಿರುವಾಗಲೇ ಎರಡನೆಯದರಿಂದ ಮೆಲ್ಲಗೆ ನ್ಯೂಟ್ರಲ್‌ಗೆ ತಂದರೆ ಸುಲಭವಾಗಿ ಸಿಗುತ್ತದೆ. ಎಷ್ಟು ಮೆಲ್ಲಗೆ ಮಾಡಿದರೂ ಸಿಗದೆ, ಇಂಜಿನ್ ಆಫ್ ಮಾಡಿದ ಕೂಡಲೇ ಸಿಕ್ಕಿದರೆ ಕ್ಲಚ್ ಎಳೆಯುತ್ತಿದೆ ಎಂದೇ ಅರ್ಥ.

ತಪ್ಪು ಕಲ್ಪನೆ: ಕ್ಲಚ್ ಹಿಡಿಯದೆ ಗೇರ್ ಹಾಕಿದರೆ ಗೇರ್‌ಬಾಕ್ಸ್ ಆ ಕ್ಷಣವೇ ಪುಡಿ.

ವಾಸ್ತವ: ಡಾಗ್ ಮೇಲಿನ ಒತ್ತಡ ಕ್ಷಣಕಾಲ ಇಳಿದರೆ ಕ್ಲಚ್ ಹಿಡಿಯದೆಯೂ ಗೇರ್ ಬೀಳುತ್ತದೆ. ಈಗಿನ ಕೆಲವು ದುಬಾರಿ ಬೈಕುಗಳ ಕ್ವಿಕ್‌ಶಿಫ್ಟರ್ ಮಾಡುವುದು ಅದನ್ನೇ, ಕಿಡಿಯನ್ನು ಕ್ಷಣಾರ್ಧ ನಿಲ್ಲಿಸಿ. ನಮ್ಮ ಮೈಸೂರಿನಲ್ಲಿ 1961ರಿಂದ 1996ರವರೆಗೆ ನಡೆದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಬೈಕಿನಲ್ಲಿ ಬೇರೆಯೇ ಜಾಣ್ಮೆಯಿತ್ತು. ಅದರಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ. ಕಾಲಿನಿಂದ ಲಿವರ್ ಒತ್ತಿದಾಗ ಆ ಚಲನೆಯೇ ಒಳಗಡೆ ಕ್ಲಚ್ಚನ್ನೂ ಬಿಡಿಸುತ್ತಿತ್ತು. ಅಂಥ ಏರ್ಪಾಡಿಲ್ಲದ ದಿನಬಳಕೆಯ ಬೈಕಿನಲ್ಲಿ ಕ್ಲಚ್ ಹಿಡಿಯದೆ ಗೇರ್ ಹಾಕುವುದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಸಮಯ ತಪ್ಪಿದ ಪ್ರತಿ ಸಲವೂ ಡಾಗ್‌ನ ಅಂಚು ಸವೆಯುತ್ತದೆ.

ತಪ್ಪು ಕಲ್ಪನೆ: ಓಡುತ್ತಿರುವಾಗ ಗೇರ್ ತಾನಾಗಿ ಕಳಚಿಕೊಂಡರೆ ಕಾಲಿನಿಂದ ಒತ್ತಿ ಹಿಡಿದುಕೊಂಡರಾಯಿತು.

ವಾಸ್ತವ: ಇಲ್ಲಿಯವರೆಗೆ ಹೇಳಿದ್ದರಲ್ಲಿ ಹೆಚ್ಚಿನದು ಗೇರ್‌ಬಾಕ್ಸಿನ ಹೊರಗಿನ ತೊಂದರೆ. ಇದು ಒಳಗಿನದು, ಇದನ್ನು ಮುಂದೂಡಬಾರದು. ಡಾಗ್‌ಗಳ ಅಂಚು ಸವೆದು ದುಂಡಗಾದರೆ, ಫೋರ್ಕ್ ಬಾಗಿದರೆ, ಡ್ರಮ್ಮನ್ನು ಅದರ ಜಾಗದಲ್ಲಿ ಹಿಡಿಯುವ ಸ್ಪ್ರಿಂಗ್ ಸೋತರೆ ಗೇರ್ ನಿಲ್ಲುವುದಿಲ್ಲ. ಕಾಲಿನಿಂದ ಒತ್ತಿ ಹಿಡಿದರೆ ಫೋರ್ಕ್ ಚಕ್ರಕ್ಕೆ ಉಜ್ಜಿ ಅದೂ ಹಾಳಾಗುತ್ತದೆ. ಈಗಲೂ ಮೆಕ್ಯಾನಿಕ್‌ಗೆ ಕೇಳಬೇಕಾದ ಒಂದು ಪ್ರಶ್ನೆ ಇದೆ. ಅನೇಕ ಬೈಕುಗಳಲ್ಲಿ ಡ್ರಮ್ಮಿನ ತುದಿಯ ನಕ್ಷತ್ರದಂಥ ಬಿಲ್ಲೆ (ಸ್ಟಾರ್), ಅದನ್ನು ಹಿಡಿಯುವ ಸ್ಪ್ರಿಂಗ್, ಗೇರ್ ಶಾಫ್ಟಿನ ರಿಟರ್ನ್ ಸ್ಪ್ರಿಂಗ್ ಇವೆಲ್ಲ ಕ್ಲಚ್ ಕವರಿನ ಒಳಗೇ ಸಿಗುತ್ತವೆ, ಇಂಜಿನ್ ಇಳಿಸಬೇಕಿಲ್ಲ. "ಮೊದಲು ಕ್ಲಚ್ ಕವರ್ ಬಿಚ್ಚಿ ಅವನ್ನು ನೋಡಿ, ಆಮೇಲೆ ಇಂಜಿನ್ ಕೇಸ್ ಬಿಡಿಸುವ ಮಾತು" ಎಂದು ಹೇಳಿ. ಅವೆಲ್ಲ ಸರಿಯಿದ್ದರೆ ಕೇಸ್ ಬಿಡಿಸಲೇಬೇಕು, ಆಗ ಖರ್ಚಿಗೆ ಹಿಂಜರಿಯಬೇಡಿ. ಸವೆದ ಗೇರ್ ಚಕ್ರದೊಂದಿಗೆ ಅದರ ಜೋಡಿಯನ್ನೂ ಫೋರ್ಕನ್ನೂ ಪರೀಕ್ಷಿಸಿಯೇ ಮುಚ್ಚಿಸಿ, ಇಲ್ಲವಾದರೆ ಅದೇ ಕೆಲಸ ಮತ್ತೆ ಬರುತ್ತದೆ. ಅಲ್ಲಿಯವರೆಗೆ ಗೇರ್ ಕಳಚಿಕೊಳ್ಳುವ ಬೈಕನ್ನು ಘಾಟಿಗೆ ಒಯ್ಯಬೇಡಿ, ಹಿಂದೆ ಯಾರನ್ನೂ ಕೂರಿಸಿಕೊಳ್ಳಬೇಡಿ. ಲಾರಿಯನ್ನು ದಾಟುವ ಹೊತ್ತಿಗೆ ಗೇರ್ ಬಿಟ್ಟುಕೊಂಡರೆ ಚಕ್ರಕ್ಕೆ ಶಕ್ತಿ ತಪ್ಪುತ್ತದೆ, ಇಳಿಜಾರಿನಲ್ಲಿ ಬಿಟ್ಟುಕೊಂಡರೆ ಇಂಜಿನ್ನಿನ ಹಿಡಿತ ತಪ್ಪುತ್ತದೆ.